ಮೇಲ್ಬೆನ್ನಿನ ಕೀಲು ನೋವಿಗೆ ಮಾಕ್ಸಾ ಶಾಖ, ಜೊತೆಗೆ ಕೈ ಚಿಕಿತ್ಸೆ: ನನಗೆ ವಾಸಿಯಾಯಿತು, ಅಮ್ಮನಿಗೂ ಮಾಡಬಹುದಾ?

ಹಾಸನದಿಂದ ಒಸಾಕಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಪ್ರಶ್ನೆ ಕೊನೆಯಲ್ಲಿದೆ, ಅಮ್ಮನ ಬಗ್ಗೆ. ದಯವಿಟ್ಟು ಅಲ್ಲಿಯವರೆಗೂ ಓದಿ.

ನಾನು ಒಸಾಕಾಕ್ಕೆ ಬಂದು ಆರು ವರ್ಷವಾಯಿತು. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸ. ಹೋದ ಚಳಿಗಾಲದಲ್ಲಿ ಬಲಗಡೆ ಹೆಗಲ ಮೂಳೆಗೂ ಬೆನ್ನೆಲುಬಿಗೂ ನಡುವೆ ಹಿಡಿದುಕೊಂಡಿತು. ಒಂದೇ ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗ. ಉಸಿರು ಆಳವಾಗಿ ಎಳೆದರೆ ಚುಚ್ಚುತ್ತಿತ್ತು. ಸೀನು ಬಂದರೆ ಜೀವ ಹೋದ ಹಾಗೆ ಆಗುತ್ತಿತ್ತು. ಹೃದಯದ್ದೇನೋ ಅಂತ ಹೆದರಿ ಆಸ್ಪತ್ರೆಗೆ ಓಡಿದೆ. ಇಸಿಜಿ, ಎಕ್ಸ್‌ರೇ ಎರಡೂ ಸರಿಯಾಗಿತ್ತು. ಪಕ್ಕೆಲುಬು ಬೆನ್ನೆಲುಬಿಗೆ ಸೇರುವ ಕಡೆ ಕೀಲು ಬಿಗಿದಿದೆ ಎಂದರು. ಮಾತ್ರೆ ಕೊಟ್ಟರು, ಬೆನ್ನಿಗೆ ಅಂಟಿಸುವ ಔಷಧಿ ಪಟ್ಟಿ ಕೊಟ್ಟರು. ಎರಡು ವಾರವಾದರೂ ಅಷ್ಟಕ್ಕಷ್ಟೇ.

ಇಲ್ಲಿ ಹೆಗಲು, ಮೇಲ್ಬೆನ್ನು ಬಿಗಿಯುವುದಕ್ಕೆ ಕಟಾಕೋರಿ ಅಂತ ಒಂದು ಹೆಸರೇ ಇದೆ. ಆಫೀಸಿನಲ್ಲಿ ಅರ್ಧ ಜನ ಆ ಮಾತು ಆಡುತ್ತಾರೆ. ಒಬ್ಬ ಹಿರಿಯ ಸಹೋದ್ಯೋಗಿ ತಾನು ಹೋಗುವ ಕಡೆ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಓಕ್ಯೂ, ಅಂದರೆ ಗಿಡವೊಂದರ ಒಣ ನಾರನ್ನು ಹಚ್ಚಿ ಕೊಡುವ ಮಾಕ್ಸಾ ಶಾಖ, ಮತ್ತು ಕೈ ಚಿಕಿತ್ಸೆ, ಅಂದರೆ ಕೈಯಿಂದ ಒತ್ತಿ ನಾದುವುದು, ಎರಡನ್ನೂ ಒಬ್ಬರೇ ಮಾಡುತ್ತಾರೆ. ಗೋಡೆ ಮೇಲೆ ಮೂರು ಲೈಸೆನ್ಸ್ ತೂಗುಹಾಕಿದ್ದರು. ಜಪಾನಿನಲ್ಲಿ 1947ರ ಕಾನೂನಿನ ಪ್ರಕಾರ ಸೂಜಿ ಚಿಕಿತ್ಸೆಗೆ ಒಂದು, ಮಾಕ್ಸಾಕ್ಕೆ ಒಂದು, ಕೈಯಿಂದ ಒತ್ತಿ ತಿಕ್ಕುವ ಅನ್ಮಾ-ಮಸಾಜ್-ಶಿಯಾತ್ಸುಗೆ ಇನ್ನೊಂದು ಲೈಸೆನ್ಸ್. ಮೂರು ವರ್ಷ ಓದಿ ಪರೀಕ್ಷೆ ಪಾಸಾಗಬೇಕು.

ಮೊದಲು ಅವರು ನನ್ನನ್ನು ಕೂರಿಸಿ ಎಡಕ್ಕೆ ಬಲಕ್ಕೆ ತಿರುಗಿಸಿದರು. ಆಮೇಲೆ ಬೋರಲು ಮಲಗಿಸಿ ಬೆನ್ನೆಲುಬಿನ ಒಂದೊಂದೇ ಮಣಿಯ ಪಕ್ಕ ಹೆಬ್ಬೆರಳು ಇಡುತ್ತಾ ಕೆಳಗಿಳಿದರು. ಐದನೆಯದರ ಹತ್ತಿರ ನಾನು ಬೆಚ್ಚಿಬಿದ್ದೆ. ಪೆನ್ನಿನಲ್ಲಿ ಗುರುತು ಹಾಕಿದರು. ನಂತರ ಹತ್ತಿಯಂಥ ತಿಳಿಹಳದಿ ನಾರನ್ನು ಎರಡು ಬೆರಳ ನಡುವೆ ಹೊಸೆದು, ಅರ್ಧ ಅಕ್ಕಿಕಾಳಿನಷ್ಟು ಗೋಪುರ ಮಾಡಿ ಚರ್ಮದ ಮೇಲೆ ನಿಲ್ಲಿಸಿದರು. ಊದುಬತ್ತಿ ತುದಿ ಮುಟ್ಟಿಸಿದರು. ಮುಕ್ಕಾಲು ಭಾಗ ಸುಡುವಷ್ಟರಲ್ಲಿ ಎರಡು ಬೆರಳಿಂದ ಮುಚ್ಚಿ ಆರಿಸಿಬಿಟ್ಟರು. ಒಂದು ಕ್ಷಣ ಇರುವೆ ಕಚ್ಚಿದ ಹಾಗೆ. ಆಮೇಲೆ ಬಿಸಿ ಎಣ್ಣೆಯ ಹನಿಯೊಂದು ಒಳಗಿಳಿದ ಹಾಗೆ. ಐದು ಜಾಗ, ಒಂದೊಂದಕ್ಕೆ ಮೂರು ಸಲ. ಇಷ್ಟಾದ ಮೇಲೆಯೇ ಕೈ ಹಾಕಿದ್ದು. ಹೆಗಲ ಮೂಳೆ ಅಂಚಿನ ಮಾಂಸವನ್ನು ಹದವಾಗಿ ನಾದಿ, ನಾನು ಉಸಿರು ಬಿಡುವಾಗ ಮಾತ್ರ ಅಂಗೈ ಬುಡದಿಂದ ಆ ಕೀಲಿನ ಮೇಲೆ ಭಾರ ಬಿಟ್ಟರು. ಟಕ್ ಅಂತ ಸದ್ದೇನೂ ಬರಲಿಲ್ಲ. ಎದ್ದು ಕೂತಾಗ ಹಿಂದಿನ ಬಾಗಿಲು ಕಾಣುವಷ್ಟು ತಿರುಗಲು ಆಯಿತು. ಮೂರು ವಾರದಲ್ಲಿ ನಾಲ್ಕು ಸಲ ಹೋದೆ. ಈಗ ಆ ನೋವು ಇಲ್ಲ.

ಇನ್ನು ಅಮ್ಮ. 64 ವರ್ಷ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ತಿಂಗಳ ಹಿಂದೆ ನೀರಿನ ಕೊಡ ಎತ್ತುವಾಗ ಬೆನ್ನು ಹಿಡಿಯಿತಂತೆ, ಹೆಗಲ ಮೂಳೆಗಿಂತ ಸ್ವಲ್ಪ ಕೆಳಗೆ, ಮಧ್ಯಕ್ಕೆ. ಮಗ್ಗುಲು ಬದಲಿಸಲು ಕಷ್ಟ. ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ಎಲ್ಲದರ ಮಧ್ಯೆ "ಈಚೆಗೆ ಸೀರೆ ಯಾಕೋ ಉದ್ದ ಆಗಿದೆ ಕಣೆ, ನೆರಿಗೆ ನೆಲ ಗುಡಿಸುತ್ತೆ" ಅಂತಲೂ ಹೇಳಿ ನಕ್ಕಳು. ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ. ಮಾಕ್ಸಾ ಕಡ್ಡಿ ತಂದು ನಾನೇ ಶಾಖ ಕೊಡಬಹುದಾ? ಉಳುಕು ತೆಗೆಯುವ ಅಜ್ಜ ಒಬ್ಬರು ಬೀದಿಯಲ್ಲೇ ಇದ್ದಾರೆ, ಅವರಿಂದ ಒತ್ತಿಸಬಹುದಾ?

ಮೈಸೂರು ಫಿಸಿಯೋ

ಮೊದಲು ಅಮ್ಮನ ವಿಷಯ. ನಾಳೆಯೇ ಫೋನ್ ಮಾಡಿ ಹೇಳಿ, ಯಾರೂ ಬೆನ್ನು ಒತ್ತಬಾರದು, ತುಳಿಯಬಾರದು, ತಿರುಚಬಾರದು. ನೀವು ಬರುವವರೆಗೂ ಕಾಯಬೇಡಿ. ಪಕ್ಕದಿಂದ ತೆಗೆದ ಬೆನ್ನೆಲುಬಿನ ಎಕ್ಸ್‌ರೇ ಬೇಕು.

ಯಾಕೆ ಅಂದರೆ ಸೀರೆ. ಸೀರೆ ಉದ್ದ ಆಗುವುದಿಲ್ಲ, ಅಮ್ಮ ಗಿಡ್ಡ ಆಗಿದ್ದಾರೆ. ಮುಟ್ಟು ನಿಂತ ಮೇಲೆ ಮೂಳೆ ಸವೆದು ಟೊಳ್ಳಾದವರಲ್ಲಿ, ಬೀಳದೇ ಇದ್ದರೂ, ಒಂದು ಕೊಡ ಎತ್ತಿದ್ದಕ್ಕೇ ಬೆನ್ನಿನ ಮಣಿ ಮುಂದಿನಿಂದ ಕುಸಿಯಬಹುದು. ಎಷ್ಟೋ ಮನೆಯಲ್ಲಿ ಇದನ್ನು ಉಳುಕು, ವಾಯು ಅಂತಲೇ ತಿಳಿದು ತಿಂಗಳುಗಟ್ಟಲೆ ತಿಕ್ಕುತ್ತಾರೆ. ಕುಸಿದ ಮಣಿಯ ಮೇಲೆ ಬಲವಾಗಿ ಒತ್ತಿದರೆ ಇನ್ನಷ್ಟು ಕುಸಿಯುತ್ತದೆ, ಪಕ್ಕೆಲುಬು ಬಿರುಕು ಬಿಡುವುದೂ ಉಂಟು. ಇದು ಅದೇ ಅಂತ ಹೇಳುತ್ತಿಲ್ಲ. ಆದರೆ ಅದಲ್ಲ ಅಂತ ಗೊತ್ತಾಗುವವರೆಗೆ ಕೈ ಹಾಕುವಂತಿಲ್ಲ.

ಈಗ ನಿಮ್ಮದು. ನಿಮ್ಮ ಚಿಕಿತ್ಸಕರು ಮಾಡಿದ ಕ್ರಮ ನನಗೆ ತುಂಬಾ ಹಿಡಿಸಿತು. ಎದೆಭಾಗದಲ್ಲಿ 12 ಮಣಿಗಳಿವೆ. ಪ್ರತಿ ಪಕ್ಕೆಲುಬೂ ಹಿಂದುಗಡೆ ಒಂದು ಕಡೆ ಮಣಿಯ ಒಡಲಿಗೆ ಸೇರುತ್ತದೆ, ಕೊನೆಯ ಎರಡು ಬಿಟ್ಟು ಉಳಿದವು ಮಣಿಯ ರೆಕ್ಕೆಗೂ ತಾಗಿಕೊಳ್ಳುತ್ತವೆ. ಜೊತೆಗೆ ಮಣಿಗೂ ಮಣಿಗೂ ನಡುವಿನ ಪುಟ್ಟ ಕೀಲುಗಳು ಬೇರೆ. ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ, ಅಷ್ಟು ಸಲವೂ ಈ ಕೀಲುಗಳು ಆಡುತ್ತವೆ. ಮಂಡಿ ನೋವಾದರೆ ಕಾಲು ಚಾಚಿ ಕೂರಬಹುದು. ಇವಕ್ಕೆ ರಜೆಯೇ ಇಲ್ಲ. ಒಂದು ಬಿಗಿದರೆ ಸುತ್ತಲಿನ ಮಾಂಸ ಅದನ್ನು ಕಾಯಲು ಗಟ್ಟಿಯಾಗುತ್ತದೆ. ಆ ಗಟ್ಟಿ ಮಾಂಸದ ಮೇಲೆ ನೇರವಾಗಿ ಒತ್ತಿದರೆ ಅದು ಇನ್ನೂ ಬಿಗಿಯುತ್ತದೆ. ಅದಕ್ಕೇ ಮೊದಲು ಶಾಖ, ಆಮೇಲೆ ಕೈ. ನಾನು ಮಾಕ್ಸಾ ಬಳಸುವುದಿಲ್ಲ, ಬಿಸಿ ಪ್ಯಾಕ್ ಬಳಸುತ್ತೇನೆ. ಆದರೆ ಕ್ರಮ ಅದೇ.

ಗ್ವಾಂಗ್‌ಝೌ ಕನ್ನಡಿಗ

ಫಿಸಿಯೋ ಹೇಳಿದ ಮಾತನ್ನೇ ಇಲ್ಲಿಯ ವೈದ್ಯರೂ ಹೇಳುತ್ತಾರೆ. ನಾನು ಗಾರ್ಮೆಂಟ್ಸ್ ವ್ಯಾಪಾರಕ್ಕೆ ಬಂದು ಇಲ್ಲೇ ಉಳಿದವನು. ಇಲ್ಲಿ ಚೀನೀ ವೈದ್ಯದ ಆಸ್ಪತ್ರೆಗಳಲ್ಲಿ ತುಯಿನಾ, ಅಂದರೆ ಒತ್ತಿ ತಿಕ್ಕುವ ಚಿಕಿತ್ಸೆಗೆ ಬೇರೆ ವಿಭಾಗವೇ ಇರುತ್ತದೆ. ನನಗೂ ಮೇಲ್ಬೆನ್ನು ನೋವು ಬಂದಾಗ ಅಲ್ಲಿಗೆ ಹೋದೆ, ಎಕ್ಸ್‌ರೇ ನೋಡದೆ ಅವರು ನನ್ನನ್ನು ಮುಟ್ಟಲಿಲ್ಲ.

ಒಂದು ಗಾದೆ ಅಲ್ಲಿ ಕೇಳಿದೆ. ಹೊಟ್ಟೆ ಬಾವಿಯಷ್ಟು ಆಳ, ಬೆನ್ನು ರೊಟ್ಟಿಯಷ್ಟು ತೆಳು. ಸೂಜಿ ಚುಚ್ಚುವವರಿಗೆ ಹೇಳಿಕೊಡುವ ಮಾತು. ಮೇಲ್ಬೆನ್ನಿನಲ್ಲಿ ಪಕ್ಕೆಲುಬಿನ ಹಿಂದೆಯೇ ಶ್ವಾಸಕೋಶ. ಸೂಜಿ ಒಂದಿಷ್ಟು ಆಳ ಹೋದರೆ ಗಾಳಿ ಸೋರಿ ಶ್ವಾಸಕೋಶ ಕುಗ್ಗುತ್ತದೆ. ಅದಕ್ಕೇ ಈ ಜಾಗಕ್ಕೆ ಮೊದಲಿಂದಲೂ ಶಾಖವೇ ಜಾಸ್ತಿ. ನಾಲ್ಕನೇ ಮಣಿಯ ಮಟ್ಟದಲ್ಲಿ, ಹೆಗಲ ಮೂಳೆ ಅಂಚಿಗೆ ಗಾವೋಹುವಾಂಗ್ ಎಂಬ ಜಾಗವಿದೆ. ಟಾಂಗ್ ರಾಜವಂಶದ ಕಾಲದ ವೈದ್ಯ ಸುನ್ ಸಿಮಿಯಾವ್ ಅಲ್ಲಿ ಮಾಕ್ಸಾ ಕೊಡುವುದನ್ನು ಬಹಳ ಹೊಗಳಿದ್ದಾನೆ. ನನ್ನ ನೋವೂ ಅಲ್ಲೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ, 1973ರಲ್ಲಿ ಮಾವಾಂಗ್‌ದುಯಿ ಸಮಾಧಿಯಲ್ಲಿ ಸಿಕ್ಕಿದ ರೇಷ್ಮೆ ಬರಹಗಳಿವೆ. ಸಮಾಧಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಅದರಲ್ಲಿ ಹನ್ನೊಂದು ನಾಡಿಗಳಿಗೆ ಶಾಖ ಕೊಡುವ ವಿವರ ಇದೆ, ಸೂಜಿಯ ಮಾತೇ ಇಲ್ಲ.

ನನಗೆ ಮಾಡಿದ್ದು ನಿಮ್ಮ ಥರ ಚರ್ಮದ ಮೇಲೆ ಇಟ್ಟಿದ್ದಲ್ಲ. ಹೆಬ್ಬೆರಳು ಗಾತ್ರದ ಕಡ್ಡಿ ತುಂಡುಗಳನ್ನು ಜಾಲರಿ ಇರುವ ಮರದ ಪೆಟ್ಟಿಗೆಯೊಳಗೆ ಹಚ್ಚಿ ಬೆನ್ನ ಮೇಲೆ ಇಡುತ್ತಾರೆ. ಇಪ್ಪತ್ತು ನಿಮಿಷ. ಹೊಗೆ ವಿಪರೀತ, ಹೀರುವ ಕೊಳವೆ ಮೇಲೆ ತೂಗುಹಾಕಿರುತ್ತಾರೆ. ಆಮೇಲೆ ತುಯಿನಾ. ಮುಷ್ಟಿಯ ಪಕ್ಕದಿಂದ ಚಪಾತಿ ಲಟ್ಟಿಸಿದ ಹಾಗೆ ಉರುಳಿಸುತ್ತಾರೆ, ಅದೇ ಹೊತ್ತಿಗೆ ಇನ್ನೊಂದು ಕೈಯಿಂದ ತೋಳನ್ನು ನಿಧಾನ ಆಡಿಸುತ್ತಾರೆ. ಅಸ್ತಮಾ ಇರುವವರು ಆ ಕೋಣೆಗೆ ಹೋಗಬಾರದು. ನನ್ನ ಹೆಂಡತಿಗೆ ಎರಡು ದಿನ ಕೆಮ್ಮು ಬಂತು.

ರಾಯಚೂರು ಸೀಮೆ

ಓದುತ್ತಿದ್ದರೆ ಮೈ ಜುಮ್ಮೆನ್ನುತ್ತದೆ. ನನ್ನ ಎಡಗೈ ಮೇಲೆ ಇವತ್ತಿಗೂ ಮೂರು ಗೆರೆ ಇವೆ. ಚಿಕ್ಕವಳಿದ್ದಾಗ ಕಾಮಾಲೆ ಬಂದಿದ್ದಕ್ಕೆ ಕಾದ ಬಳೆ ಚೂರಿನಿಂದ ಬರೆ ಹಾಕಿಸಿದ್ದರು. ಕಾಮಾಲೆ ಅದರಿಂದ ಹೋಗಲಿಲ್ಲ, ಗಾಯ ಕೀವಾಗಿ ಒಂದು ತಿಂಗಳು ಶಾಲೆಗೆ ಹೋಗಲಿಲ್ಲ. ಮಾಕ್ಸಾ ಬೇರೆ ಅಂತ ಗೊತ್ತು, ಆದರೂ ಕೇಳಲೇಬೇಕು. ಮಕ್ಕಳಿಗೆ, ಬಾಣಂತಿಯರಿಗೆ ಇದನ್ನು ನೋಡಿ ಯಾರಾದರೂ ಮನೆಯಲ್ಲೇ ಮಾಡಿಬಿಟ್ಟರೆ? ದಯವಿಟ್ಟು ಬರೆಯುವಾಗ ಅದನ್ನೂ ನೆನಪಿಡಿ.

ಮಲೆನಾಡು ವೈದ್ಯೆ

ರಾಯಚೂರಿನ ಅಕ್ಕಾ, ನೀವು ಹೇಳಿದ್ದು ಸರಿ. ನಾನು ಆಯುರ್ವೇದ ಓದಿದವಳು. ನಮ್ಮಲ್ಲೂ ಅಗ್ನಿಕರ್ಮ, ಅಂದರೆ ಸುಟ್ಟು ಮಾಡುವ ಚಿಕಿತ್ಸೆ, ಇದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೇ ಅಧ್ಯಾಯ ಪೂರ್ತಿ ಅದರದ್ದೇ. ಚರ್ಮಕ್ಕೆ ಹಿಪ್ಪಲಿ, ಆಡಿನ ಹಿಕ್ಕೆ, ಸಲಾಕೆ. ನರ, ಸಂದು, ಮೂಳೆಗೆ ಜೇನು, ಬೆಲ್ಲ, ಎಣ್ಣೆ ತುಪ್ಪದಂಥವು ಅಂತ ಎಲ್ಲಿಗೆ ಯಾವುದು ಎಂದು ಬೇರೆ ಬೇರೆ ಹೇಳಿದೆ. ಚುಕ್ಕಿ, ಗೆರೆ, ಬಳೆಯ ಆಕಾರ ಎಲ್ಲ ಇದೆ.

ಆದರೆ ಜನ ಓದದೆ ಬಿಡುವ ಭಾಗ ಒಂದಿದೆ. ಯಾರಿಗೆ ಮಾಡಬಾರದು ಎನ್ನುವ ಪಟ್ಟಿ. ಅದರಲ್ಲಿ ಬಾಲರು, ವೃದ್ಧರು, ದುರ್ಬಲರು, ಹೆದರುವವರು, ಪಿತ್ತ ಪ್ರಕೃತಿಯವರು ಎಲ್ಲರೂ ಬರುತ್ತಾರೆ. ಹೆದರುವವರಿಗೆ ಮಾಡಬಾರದು ಅಂತ ಅಷ್ಟು ಹಿಂದೆಯೇ ಬರೆದಿದ್ದಾರೆ ನೋಡಿ. ಚರಕರು ಬೆವರಿಸುವ ಶಾಖ ಕೊಡಬಾರದವರ ಪಟ್ಟಿಯಲ್ಲಿ ಮಧುಮೇಹಿಗಳನ್ನು ಸೇರಿಸಿದ್ದಾರೆ. ಒಸಾಕಾದ ತಂಗಿಯ ಅಮ್ಮ ಎರಡೂ ಪಟ್ಟಿಗೆ ಬರುತ್ತಾರೆ.

ನನ್ನ ಹತ್ತಿರ ಮೇಲ್ಬೆನ್ನು ನೋವಿಗೆ ಬರುವವರು ಹೆಚ್ಚಾಗಿ ಅಡಿಕೆ ಸುಲಿಯುವ ಹೆಂಗಸರು. ಸುಗ್ಗಿಯಲ್ಲಿ ಬಗ್ಗಿ ಕೂತರೆ ಏಳುವುದು ರಾತ್ರಿಗೆ. ಅವರಿಗೆ ಸಲಾಕೆ ಮುಟ್ಟಿಸುವುದಿಲ್ಲ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತೇನೆ, ಪೃಷ್ಠಬಸ್ತಿ ಅಂತ. ಆಮೇಲೆ ಹಗುರ ಕೈ. ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಇಡುವ ಅಭ್ಯಾಸ ಅವರಿಗೆ ಮೊದಲೇ ಇದೆ. ಅದರ ಹಾಲು ಚರ್ಮಕ್ಕೂ ಕಣ್ಣಿಗೂ ತಾಗಬಾರದು, ಅಷ್ಟು ಎಚ್ಚರ ಸಾಕು.

ಹಿತ್ತಲ ಗಿಡ

ಮಾಕ್ಸಾ ಅಂದರೆ ಮಾಚಿಪತ್ರೆ ಜಾತಿಯ ಗಿಡ ಅಲ್ವಾ? ನಮ್ಮ ಹಿತ್ತಲಲ್ಲಿ ಪೊದೆ ಬೆಳೆದಿದೆ. ಒಣಗಿಸಿ ಬೀಡಿ ಥರ ಸುತ್ತಿಕೊಂಡರೆ ಆಗುವುದಿಲ್ಲವಾ?

ಹಾಸನದಿಂದ ಒಸಾಕಾ

ಮೊದಲು ಫಿಸಿಯೋ ಸರ್‌ಗೆ. ಅಮ್ಮನಿಗೆ ಫೋನ್ ಮಾಡಿದೆ. ತಮ್ಮ ಶನಿವಾರ ಎಕ್ಸ್‌ರೇಗೆ ಕರೆದುಕೊಂಡು ಹೋಗುತ್ತಾನೆ. ಸೀರೆಯ ಮಾತನ್ನು ನಾನು ಸುಮ್ನೆ ಬರೆದಿದ್ದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಹಿತ್ತಲ ಗಿಡದವರಿಗೆ. ಹೌದು, ಮಾಚಿಪತ್ರೆ, ನಮ್ಮ ದವನ, ಇಲ್ಲಿಯ ಯೊಮೊಗಿ ಎಲ್ಲ ಒಂದೇ ಕುಲದವು. ಓಕ್ಯೂ ಹಚ್ಚಿದಾಗ ಬಂದ ವಾಸನೆಗೆ ನನಗೆ ಜಾತ್ರೆಯ ದವನದ ನೆನಪೇ ಬಂತು. ಆದರೆ ಎಲೆ ಒಣಗಿಸಿ ಸುತ್ತಿದರೆ ಮಾಕ್ಸಾ ಆಗುವುದಿಲ್ಲ. ಬೇಕಾಗಿರುವುದು ಎಲೆಯ ಬೆನ್ನಿಗಿರುವ ಬಿಳಿ ನವಿರು ಮಾತ್ರ. ಒಣಗಿದ ಎಲೆಯನ್ನು ಕಲ್ಲಿನಲ್ಲಿ ಬೀಸಿ, ಜರಡಿ ಹಿಡಿದು, ಮತ್ತೆ ಬೀಸಿ, ಪುಡಿಯೆಲ್ಲ ಉದುರಿದ ಮೇಲೆ ಉಳಿಯುವ ನಾರು ಅದು. ರಾಶಿ ಎಲೆಗೆ ಹಿಡಿಯಷ್ಟು ಸಿಕ್ಕರೆ ಹೆಚ್ಚು. ಇಲ್ಲಿ ಇಬುಕಿ ಬೆಟ್ಟದ ನಾರಿಗೆ ಹಳೆಯ ಹೆಸರು, ಈಗ ಜಾಸ್ತಿ ಆಗುವುದು ನೀಗಾತಾ ಕಡೆ. ಚೆನ್ನಾಗಿ ಶುದ್ಧ ಮಾಡಿದ ನಾರು ಮೆತ್ತಗೆ, ಕಡಿಮೆ ಬಿಸಿಯಲ್ಲಿ ಸುಡುತ್ತದೆ. ಒರಟು ಎಲೆ ಕೆಂಡ ಕಟ್ಟಿ ಕಿಡಿ ಉದುರಿಸುತ್ತದೆ. ಹಿತ್ತಲ ಎಲೆಯನ್ನು ದೇವರಿಗೇ ಏರಿಸಿ, ಬೆನ್ನಿಗೆ ಬೇಡ. ಮಾಕ್ಸಾ ಎನ್ನುವ ಹೆಸರು ಬಂದಿದ್ದೂ ಈ ನಾರಿನ ಜಪಾನೀ ಹೆಸರು ಮೊಗುಸಾದಿಂದ. ಡಚ್ಚರು ಅದನ್ನು ಯುರೋಪಿಗೆ ಒಯ್ದರು.

ಬೆಳಗಾವಿಯವನು

ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಬರೆಯದೇ ಇದ್ದರೆ ತಪ್ಪಾಗುತ್ತದೆ.

ನನ್ನ ಚಿಕ್ಕಪ್ಪನಿಗೆ 38 ವರ್ಷವಿದ್ದಾಗ ಮೇಲ್ಬೆನ್ನು ನೋವು ಶುರುವಾಯಿತು. ಟ್ರ್ಯಾಕ್ಟರ್ ಓಡಿಸುವವರು, ಕುಲುಕಾಟದಿಂದ ಅಂದುಕೊಂಡೆವು. ಒಬ್ಬರ ಹತ್ತಿರ ಕೈ ಚಿಕಿತ್ಸೆ, ಇನ್ನೊಬ್ಬರ ಹತ್ತಿರ ಶಾಖ. ನಾಲ್ಕು ತಿಂಗಳು ಹೀಗೇ ಹೋಯಿತು. ಮಾಡಿಸಿದ ದಿನ ಹಾಯಾಗುತ್ತಿತ್ತು, ಅದೇ ನಮ್ಮನ್ನು ಮೋಸ ಮಾಡಿತು. ಸಂಜೆ ಸಣ್ಣಗೆ ಜ್ವರ ಬರುತ್ತಿತ್ತು. ಅಂಗಿ ಸಡಿಲವಾಗಿತ್ತು. ರಾತ್ರಿ ನೋವು ಜಾಸ್ತಿ. ಯಾರೂ ಇವನ್ನು ಒಟ್ಟಿಗೆ ಸೇರಿಸಿ ನೋಡಲಿಲ್ಲ. ಒಂದು ದಿನ ಟ್ರ್ಯಾಕ್ಟರ್‌ನಿಂದ ಇಳಿಯುವಾಗ ಕಾಲು ಮಾತು ಕೇಳಲಿಲ್ಲ. ಎಂಆರ್‌ಐ ಮಾಡಿಸಿದರೆ ಬೆನ್ನೆಲುಬಿನ ಕ್ಷಯ. ಎರಡು ಮಣಿ ತಿಂದುಹಾಕಿತ್ತು, ಕೀವು ಬೆನ್ನುಹುರಿಯನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸೆ ಆಯಿತು, ಒಂದು ವರ್ಷಕ್ಕೂ ಮೇಲೆ ಮಾತ್ರೆ ನುಂಗಿದರು. ಕ್ಷಯದ ಮಾತ್ರೆ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ಈಗ ಕೋಲು ಹಿಡಿದು ಹೊಲಕ್ಕೆ ಹೋಗುತ್ತಾರೆ.

ಕೈ ಹಾಕಿದವರು ಕೆಟ್ಟವರಲ್ಲ. ಜ್ವರ ಬರುತ್ತಾ ಅಂತ ಕೇಳಲಿಲ್ಲ, ಅಷ್ಟೇ. ಆ ಒಂದು ಪ್ರಶ್ನೆ ಕೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಮೈಸೂರು ಫಿಸಿಯೋ

ಬೆಳಗಾವಿಯ ಅಣ್ಣ, ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ, ಅದರಲ್ಲೂ ಎದೆಭಾಗದ ಮಣಿಗಳಲ್ಲಿ ಕಾಣುವುದು ಹೆಚ್ಚು. ರಾತ್ರಿ ನೋವು, ಸಂಜೆ ಜ್ವರ, ತೂಕ ಇಳಿಯುವುದು, ಕಾಲಲ್ಲಿ ಬಲ ಕಡಿಮೆಯಾಗುವುದು. ಇವುಗಳಲ್ಲಿ ಒಂದಿದ್ದರೂ ಶಾಖ, ಒತ್ತುವುದು ಎಲ್ಲ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಬಲ ಹೆಗಲ ಮೂಳೆ ಕೆಳಗೆ ಊಟದ ನಂತರ ಬರುವ ನೋವು ಪಿತ್ತಕೋಶದ್ದಿರಬಹುದು. ಒಂದು ಪಕ್ಕದಲ್ಲಿ ಪಟ್ಟಿಯ ಹಾಗೆ ಉರಿ ಬಂದು ಎರಡು ಮೂರು ದಿನದ ಮೇಲೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಹರೆಯದವರಿಗೆ ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಮರದ ಹಾಗಿದ್ದು, ಓಡಾಡಿದ ಮೇಲೆ ಸಡಿಲವಾದರೆ ಸಂಧಿವಾತ ತಜ್ಞರನ್ನು ನೋಡಬೇಕು. ಎದೆಯಲ್ಲಿ ಹಿಂಡಿದ ಹಾಗೆ ಆಗಿ ಬೆವರು ಬಂದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಲೆಕ್ಕದ ಮೇಷ್ಟ್ರು, ತುಮಕೂರು

ಎಲ್ಲ ಓದಿದೆ. ನನ್ನ ಪ್ರಶ್ನೆ ನೇರ. ಎರಡನ್ನೂ ಸೇರಿಸಿ ಮಾಡಿದರೆ ಒಂದಕ್ಕಿಂತ ಹೆಚ್ಚು ಫಲ ಅನ್ನುವುದಕ್ಕೆ ಆಧಾರ ಏನು? ಇಂಥ ನೋವು ಮೂರು ವಾರದಲ್ಲಿ ತಾನಾಗಿಯೇ ಹೋಗುವುದೂ ಉಂಟಲ್ಲವೇ? ಒಸಾಕಾದ ತಂಗಿಗೆ ಬೇಸರ ಮಾಡಲು ಕೇಳುತ್ತಿಲ್ಲ. ದುಡ್ಡು ಕೊಡುವವರು ತಿಳಿದು ಕೊಡಲಿ ಅಂತ.

ಮೈಸೂರು ಫಿಸಿಯೋ

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಹೌದು, ಎಷ್ಟೋ ಮೇಲ್ಬೆನ್ನು ನೋವು ತಾನಾಗಿಯೇ ಇಳಿಯುತ್ತದೆ. ಎರಡು ವಾರ ಹಾಗೇ ಇದ್ದದ್ದು ಒಂದೇ ದಿನದಲ್ಲಿ ತಿರುಗಲು ಬಂತು ಎನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಬ್ಬರ ಅನುಭವದಿಂದ ಲೆಕ್ಕ ಹಾಕಲಾಗದು.

ಕೈ ಚಿಕಿತ್ಸೆಗೆ ಆಧಾರ ಸ್ವಲ್ಪ ಗಟ್ಟಿ. ಕತ್ತು ನೋವಿಗೆ ಎದೆಭಾಗದ ಮಣಿಗಳಿಗೆ ಕೈ ಚಿಕಿತ್ಸೆ ಮಾಡುವುದನ್ನು ಅಮೆರಿಕದ ಫಿಸಿಯೋಥೆರಪಿಸ್ಟರ 2017ರ ಮಾರ್ಗಸೂಚಿ ಒಪ್ಪಿದೆ, ವ್ಯಾಯಾಮದ ಜೊತೆಗೆ. ಮಾಕ್ಸಾದ ಪರೀಕ್ಷೆಗಳು ಬಹುಪಾಲು ಚೀನಾದಲ್ಲೇ ನಡೆದಿವೆ, ಸಣ್ಣವು. ಇನ್ನೊಂದು ಕಷ್ಟ ಇದೆ. ಹೋಲಿಸಿ ನೋಡಲು ಔಷಧಿಯಿಲ್ಲದ ಸುಳ್ಳು ಮಾತ್ರೆ ಕೊಡಬಹುದು, ಸುಳ್ಳು ಬೆಂಕಿ ಕೊಡುವುದು ಹೇಗೆ? ಬಿಸಿ ತಾಗಿತೋ ಇಲ್ಲವೋ ಅಂತ ರೋಗಿಗೆ ಗೊತ್ತಾಗಿಬಿಡುತ್ತದೆ. ಸೊಂಟ, ಕತ್ತು, ಮಂಡಿಗೆ ಹೋಲಿಸಿದರೆ ಮೇಲ್ಬೆನ್ನಿನ ಕೀಲಿನ ಬಗ್ಗೆ ನಡೆದ ಕೆಲಸ ಕಡಿಮೆ. ಹಾಗಾಗಿ ಇದು ಖಂಡಿತ ವಾಸಿ ಮಾಡುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಮೈಯೊಳಗೆ ಏನೋ ಆಗುತ್ತದೆ ಎನ್ನುವುದು ಕಲ್ಪನೆಯಲ್ಲ. 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೆ ಬಂತು, ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್. ಮೊದಲನೆಯವರು ಸುಮಾರು 43 ಡಿಗ್ರಿ ದಾಟಿದ ಬಿಸಿಯನ್ನು ನರ ಹೇಗೆ ಹಿಡಿಯುತ್ತದೆ ಅಂತ ಕಂಡುಹಿಡಿದರು, ಅದೂ ಮೆಣಸಿನಕಾಯಿಯ ಖಾರ ಹಿಡಿದುಕೊಂಡು ಹೋಗಿ. ಎರಡನೆಯವರು ಒತ್ತಡವನ್ನು ಹೇಗೆ ಹಿಡಿಯುತ್ತದೆ ಅಂತ. ಬಿಸಿಗೆ ಒಂದು ಬಾಗಿಲು, ಒತ್ತುವುದಕ್ಕೆ ಇನ್ನೊಂದು. ಎರಡೂ ದಾರಿಯಿಂದ ಸುದ್ದಿ ಹೋದಾಗ ನೋವಿನ ಸುದ್ದಿ ಮಂಕಾಗುತ್ತದೆ, ಮಾಂಸ ಬಿಗಿತ ಬಿಡುತ್ತದೆ. ನನ್ನ ಅನುಭವದಲ್ಲಿ ಇದು ಒಂದು ದಿನ, ಹೆಚ್ಚೆಂದರೆ ಎರಡು ದಿನದ ಸಡಿಲ. ಆ ಹೊತ್ತಿನಲ್ಲಿ ಬೆನ್ನನ್ನು ಆಡಿಸಿದವರಿಗೆ ಉಳಿಯುತ್ತದೆ, ಮತ್ತೆ ಹೋಗಿ ಅದೇ ಕುರ್ಚಿಯಲ್ಲಿ ಮುದುಡಿದವರಿಗೆ ಹೋಗುತ್ತದೆ.

ಟಕ್ ಸದ್ದಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಒಳಗೆ ಬೆರಳು ಎಳೆದು ನೆಟಿಗೆ ಮುರಿಸಿ ನೋಡಿದರು. ಕೀಲಿನ ದ್ರವದಲ್ಲಿ ಥಟ್ಟನೆ ಒಂದು ಪೊಳ್ಳು ಏಳುತ್ತದೆ, ಸದ್ದು ಬರುವುದು ಆಗಲೇ. ಸದ್ದು ಬರುವವರೆಗೂ ಬಿಡುವುದಿಲ್ಲ ಅನ್ನುವವರಿಂದ ದೂರ ಇರಿ.

ಕುಶಾಲನಗರ

ನಮ್ಮ ಪಕ್ಕದಲ್ಲೇ ಇರುವುದನ್ನು ಯಾರೂ ಹೇಳಲಿಲ್ಲ. ಬೈಲಕುಪ್ಪೆಯ ಟಿಬೆಟ್ ವಸತಿ 1961ರಿಂದ ಇದೆ. ಅವರ ವೈದ್ಯ ಪದ್ಧತಿ ಸೋವಾ ರಿಗ್ಪಾದಲ್ಲೂ ಮಾಕ್ಸಾ ಇದೆ. 2010ರಲ್ಲಿ ನಮ್ಮ ಸರ್ಕಾರವೂ ಅದನ್ನು ಒಪ್ಪಿಕೊಂಡಿತು. ನನಗೆ ಮಾಡಿದ್ದು ಹೋರ್‌ಮೆ ಅನ್ನುವುದು. ಮಂಗೋಲಿಯಾದ ಕಡೆಯಿಂದ ಬಂದಿದ್ದಂತೆ. ಜಾಯಿಕಾಯಿ, ಶಾಜೀರಿಗೆ ಕುಟ್ಟಿ ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟುತ್ತಾರೆ. ಬಿಸಿ ಎಣ್ಣೆಯಲ್ಲಿ ಅದ್ದಿ, ಮೊದಲು ತಮ್ಮ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಕತ್ತಿನ ಕೆಳಗೆ ಎದ್ದು ಕಾಣುವ ಮಣಿಯ ಮೇಲೆ ಒತ್ತಿ ಹಿಡಿಯುತ್ತಾರೆ. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಕಿತ್ತಳೆ ತೋಟದಲ್ಲಿ ಏಣಿ ಹೊತ್ತ ಹೆಗಲು ನನ್ನದು. ನಾಲ್ಕಾರು ದಿನ ನಿದ್ದೆ ಚೆನ್ನಾಗಿ ಬಂತು. ಹೆಗಲು ನೋವು ಅರ್ಧ ಹೋಯಿತು, ಅರ್ಧ ಉಳಿದಿದೆ.

ಇನ್ನೊಂದು ವಿಷಯ. ನಮ್ಮ ಕಡೆ ಬೆನ್ನು ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸುತ್ತಾರೆ. ಅದೇ ಮಾಕ್ಸಾವನ್ನು, ಹೊಟ್ಟೆಯಲ್ಲಿ ಕಾಲು ಕೆಳಗಾಗಿರುವ ಮಗು ತಿರುಗಲಿ ಅಂತ ತಾಯಿಯ ಕಿರುಬೆರಳಿಗೆ ಕೊಡುತ್ತಾರೆ ಅಂತ ಅಲ್ಲಿಯ ಒಬ್ಬರು ಹೇಳಿದರು. ನಿಜವಾ?

ಗ್ವಾಂಗ್‌ಝೌ ಕನ್ನಡಿಗ

ನಿಜ. ಕಾಲಿನ ಕಿರುಬೆರಳ ಉಗುರಿನ ಹೊರ ಅಂಚು, ಝೀಯಿನ್ ಅಂತಾರೆ. ಮಾಕ್ಸಾ ಬಗ್ಗೆ ಹೊರದೇಶಗಳಲ್ಲೂ ಹೆಚ್ಚು ಪರೀಕ್ಷೆ ಆಗಿರುವ ವಿಷಯಗಳಲ್ಲಿ ಅದೂ ಒಂದು. ಅದು ಹೆರಿಗೆ ಡಾಕ್ಟರ್ ಕಣ್ಣಳತೆಯಲ್ಲೇ ಆಗಬೇಕು.

ಟೈಲರ್, ದಾವಣಗೆರೆ

ನಾನು ಹೊಲಿಗೆ ಯಂತ್ರದ ಮುಂದೆ 22 ವರ್ಷದಿಂದ ಇದ್ದೇನೆ. ಎಡ ಹೆಗಲ ಮೂಳೆ ಒಳಗೆ ಒಸಾಕಾದವರು ಹೇಳಿದ ಅದೇ ನೋವು. ಜ್ವರ ಇಲ್ಲ, ತೂಕ ಸರಿ ಇದೆ, ಎಕ್ಸ್‌ರೇ ಆಗಿದೆ. ಮಾಕ್ಸಾ ಕಡ್ಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂತ ಮಗ ತೋರಿಸಿದ. ತರಿಸಲಾ? ಇದನ್ನು ಕಲಿತ ಡಾಕ್ಟರ್ ನಮ್ಮ ಕಡೆ ಸಿಗುತ್ತಾರಾ?

ಗ್ವಾಂಗ್‌ಝೌ ಕನ್ನಡಿಗ

ಅಣ್ಣ, ಒಬ್ಬರೇ ಮಾಡಿಕೊಳ್ಳುವುದಾದರೆ ತರಿಸಬೇಡಿ. ಮೇಲ್ಬೆನ್ನಿಗೆ ನಿಮ್ಮ ಕೈ ತಲುಪುವುದಿಲ್ಲ, ಬೂದಿ ಉದುರಿದ್ದು ಕಾಣುವುದಿಲ್ಲ. ಅಂಗಡಿ ತುಂಬ ಬಟ್ಟೆ ಬೇರೆ. ನನಗೆ ಹೆಂಡತಿ ಕೊಡುವಾಗ ಕಡ್ಡಿಯನ್ನು ಎರಡು ಮೂರು ಸೆಂಟಿಮೀಟರ್ ದೂರ ಹಿಡಿಯುತ್ತಾಳೆ, ಇನ್ನೊಂದು ಕೈಯ ಎರಡು ಬೆರಳು ಚರ್ಮದ ಮೇಲೆ ಇಟ್ಟಿರುತ್ತಾಳೆ. ಅವಳ ಬೆರಳಿಗೆ ಸುಡುವ ಮೊದಲು ನನಗೆ ಸುಡಬಾರದು. ಹತ್ತು ನಿಮಿಷ, ಚರ್ಮ ನಸುಗೆಂಪಾದರೆ ಸಾಕು. ಆರಿಸುವುದೇ ದೊಡ್ಡ ಕೆಲಸ. ನೀರು ಹಾಕಿದ ಕಡ್ಡಿ ಕೂಡ ಒಳಗೇ ಹೊಗೆಯಾಡುತ್ತದೆ. ಮರಳು ತುಂಬಿದ ಸಣ್ಣ ಬಾಯಿಯ ಡಬ್ಬಿಯಲ್ಲಿ ತಲೆಕೆಳಗಾಗಿ ಹೂಳಬೇಕು.

ಮೈಸೂರು ಫಿಸಿಯೋ

ಕಲಿತವರು ಬೇಕಾದರೆ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸೆಯ ಡಾಕ್ಟರರನ್ನು ಕೇಳಿ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಕೋರ್ಸ್ ಅದು, ಓದಿನಲ್ಲಿ ಅಕ್ಯುಪಂಕ್ಚರ್ ಇದೆ. ಮಾಕ್ಸಾ ಎಷ್ಟು ಜನಕ್ಕೆ ಮಾಡಿದ್ದೀರಿ ಅಂತ ಧೈರ್ಯವಾಗಿ ಕೇಳಿ.

ಅಲ್ಲಿಯವರೆಗೆ ದುಡ್ಡಿಲ್ಲದ ದಾರಿ ಇದೆ. ಟವೆಲ್ ಬಿಸಿನೀರಿಗೆ ಅದ್ದಿ ಹಿಂಡಿ ಹತ್ತು ನಿಮಿಷ ಬೆನ್ನಿಗೆ ಹಾಕಿಸಿಕೊಳ್ಳಿ. ಕೂಡಲೇ ಇನ್ನೊಂದು ಟವೆಲ್ಲನ್ನು ಗಟ್ಟಿಯಾಗಿ ಸುತ್ತಿ, ನೆಲದ ಮೇಲೆ ಅಡ್ಡ ಇಟ್ಟು, ನೋವಿರುವ ಮಟ್ಟಕ್ಕೆ ಬರುವ ಹಾಗೆ ಅಂಗಾತ ಮಲಗಿ. ತಲೆಗೆ ದಿಂಬು ಇರಲಿ. ಕೈಯೆರಡೂ ಮೇಲೆ ಚಾಚಿ ಐದು ಆಳದ ಉಸಿರು. ಆಮೇಲೆ ಮಗ್ಗುಲಾಗಿ ಮಂಡಿ ಮಡಿಸಿ, ಮೇಲಿನ ಕೈಯನ್ನು ಪುಸ್ತಕ ಬಿಚ್ಚಿದ ಹಾಗೆ ಹಿಂದಕ್ಕೆ ತೆರೆಯಿರಿ, ಪ್ರತಿ ಪಕ್ಕಕ್ಕೆ ಎಂಟು ಸಲ. ಯಂತ್ರದ ಮುಂದೆ ಒಂದು ಬಾಬಿನ್ ಖಾಲಿಯಾದಾಗೆಲ್ಲ ಎದ್ದು ನಿಂತು ಎದೆ ತೆರೆಯಿರಿ. ಬಾಬಿನ್ನೇ ನಿಮ್ಮ ಗಡಿಯಾರ. ಸ್ಟೂಲು ಎರಡು ಇಂಚು ಎತ್ತರಿಸಿ ನೋಡಿ, ಕತ್ತು ಬಗ್ಗುವುದು ಕಡಿಮೆಯಾಗುತ್ತದೆ. ಮೂರು ವಾರದಲ್ಲಿ ಏನಾಯಿತು ಬರೆಯಿರಿ.

ಹಾಸನದಿಂದ ಒಸಾಕಾ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಈಗ ಊರಿನಲ್ಲಿದ್ದೇನೆ. ರಜೆಯನ್ನು ಇನ್ನೊಂದು ತಿಂಗಳು ವಿಸ್ತರಿಸಿಕೊಂಡೆ.

ಫಿಸಿಯೋ ಸರ್ ಹೇಳಿದ್ದೇ ಆಗಿತ್ತು. ಎದೆಭಾಗದ ಎಂಟನೇ ಮಣಿ ಮುಂದಿನಿಂದ ಕುಸಿದಿದೆ. ಮೂಳೆ ಸಾಂದ್ರತೆ ಪರೀಕ್ಷೆಯಲ್ಲಿ ಸವೆತ ಜಾಸ್ತಿಯೇ ಬಂತು. ಮೂಳೆಗೆ ಔಷಧಿ, ಕ್ಯಾಲ್ಸಿಯಂ, ವಿಟಮಿನ್ ಡಿ ಶುರುವಾಗಿದೆ. ಮುಂದಕ್ಕೆ ಬಗ್ಗಿ ಏನನ್ನೂ ಎತ್ತುವಂತಿಲ್ಲ. ಕೊಡ ಮುಟ್ಟಿದರೆ ತಮ್ಮ ಕಿರುಚುತ್ತಾನೆ.

ಸಕ್ಕರೆ ಕಾಯಿಲೆ ಇದೆಯಲ್ಲ, ಡಾಕ್ಟರ್ ಪಾದಗಳ ಸ್ಪರ್ಶವನ್ನೂ ನೋಡಿದರು. ಕಣ್ಣು ಮುಚ್ಚಿಸಿ ಸಣ್ಣ ನೈಲಾನ್ ಎಳೆಯಿಂದ ಮುಟ್ಟಿದರು. ಮೂರು ಕಡೆ ಅಮ್ಮನಿಗೆ ಗೊತ್ತೇ ಆಗಲಿಲ್ಲ. "ಮುಟ್ಟಿದ್ರಾ? ಯಾವಾಗ?" ಅಂದಳು. ನಾನು ಅಲ್ಲೇ ನಿಂತಿದ್ದೆ. ಬಚ್ಚಲ ಒಲೆಯ ಕಿಡಿ ಪಾದಕ್ಕೆ ಬಿದ್ದು ಗುಳ್ಳೆ ಎದ್ದಿದ್ದು, ಯಾವಾಗ ಆಯಿತೋ ಗೊತ್ತಿಲ್ಲ ಅಂತ ಹೋದ ವರ್ಷ ಅವಳು ಹೇಳಿದ್ದು ನೆನಪಾಯಿತು. ಬೆನ್ನಿನಲ್ಲಿ ಬಿಸಿ ಗೊತ್ತಾಗುತ್ತದೆ, ಪರೀಕ್ಷೆ ಮಾಡಿದರು. ಆದರೂ ಗಾಯವಾದರೆ ಮಾಯುವುದು ನಿಧಾನ. ನಾನು ಕೊಂಡಿಟ್ಟಿದ್ದ ಮಾಕ್ಸಾ ಪೊಟ್ಟಣ ಒಸಾಕಾದ ಕಪಾಟಿನಲ್ಲೇ ಇದೆ.

ಮಾಡುತ್ತಿರುವುದು ಇಷ್ಟು. ಬೆಚ್ಚಗಿನ ಟವೆಲ್, ಮೊದಲು ನನ್ನ ಮಣಿಕಟ್ಟಿಗೆ ಇಟ್ಟು ನೋಡಿ. ಆಮೇಲೆ ಮಗ್ಗುಲಾಗಿ ಮಲಗಿಸಿ ಪಕ್ಕೆಗಳ ಮೇಲೆ ಎರಡೂ ಅಂಗೈ ಸುಮ್ನೆ ಇಡುತ್ತೇನೆ, ಒತ್ತುವುದಿಲ್ಲ. ಅವಳು ಉಸಿರು ಎಳೆದಾಗ ಅಂಗೈ ತುಂಬುತ್ತದೆ, ಬಿಟ್ಟಾಗ ಇಳಿಯುತ್ತದೆ. ಮೊದಲ ವಾರ ಎಡಗಡೆ ಅಷ್ಟು ತುಂಬುತ್ತಿರಲಿಲ್ಲ, ಈಗ ಎರಡೂ ಸಮ ಇದೆ. ಇದನ್ನು ಆಸ್ಪತ್ರೆಯ ಫಿಸಿಯೋ ಹುಡುಗಿ ಹೇಳಿಕೊಟ್ಟಳು. ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಮೇಲೆ ಜಾರಿಸುವುದನ್ನೂ ಹೇಳಿಕೊಟ್ಟಿದ್ದಾಳೆ.

ಉಳುಕಿನ ಅಜ್ಜ ಒಂದು ಸಂಜೆ ತಾವಾಗಿಯೇ ಬಂದರು. ಎಕ್ಸ್‌ರೇ ತೋರಿಸಿದೆ. ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಂಥವು ಎಷ್ಟು ನನ್ನ ಕೈ ಕೆಳಗೆ ಹೋದವೋ" ಅಂದರು. ಈಗ ಅವರು 60 ದಾಟಿದವರಿಗೆ ಫೋಟೋ ತೆಗೆಸಿಕೊಂಡು ಬಾ ಅಂತ ವಾಪಸ್ ಕಳಿಸುತ್ತಾರೆ ಅಂತ ಬೀದಿಯಲ್ಲಿ ಹೇಳಿದರು.

ಸೀರೆಗೆ ಎರಡು ಬೆರಳಿನಷ್ಟು ಮಡಿಕೆ ಹಾಕಿ ಹೊಲಿಸಿದ್ದೇವೆ. ನಿನ್ನೆ ರಾತ್ರಿ ನಾನು ಲ್ಯಾಪ್‌ಟಾಪ್ ಮುಂದೆ ಮುದುಡಿ ಕೂತಿದ್ದೆ. ಅಮ್ಮ ಹಿಂದೆ ಬಂದು ನಿಂತು, ಬಲಗಡೆ ಮಣಿಯ ಪಕ್ಕ ಹೆಬ್ಬೆರಳು ಇಟ್ಟು "ಇಲ್ಲೇ ಅಲ್ವಾ?" ಅಂದಳು. ಅಲ್ಲೇ. ಆ ಜಪಾನೀ ಚಿಕಿತ್ಸಕರು ಪೆನ್ನಿನಲ್ಲಿ ಗುರುತು ಹಾಕಿದ್ದ ಜಾಗ.

ಅಮ್ಮನ ಮುಂದಿನ ಎಕ್ಸ್‌ರೇ ಆಗಸ್ಟ್‌ನಲ್ಲಿ. ಆದ ಮೇಲೆ ಬರೆಯುತ್ತೇನೆ. ದಾವಣಗೆರೆಯ ಅಣ್ಣ, ನಿಮ್ಮ ಬೆನ್ನು ಹೇಗಿದೆ?

ಟೈಲರ್, ದಾವಣಗೆರೆ

ಸ್ಟೂಲು ಎತ್ತರಿಸಿದೆ ತಂಗಿ. ಬಾಬಿನ್ ಲೆಕ್ಕ ತಪ್ಪಿಸಿಲ್ಲ. ಸೀನು ಬಂದರೆ ಈಗ ಹೆದರಿಕೆ ಇಲ್ಲ.